ಎಂ54 ಮಿಲಿಟರಿ ಲಾರಿ: ಕೊಳ್ಳುವುದರಿಂದ ರಸ್ತೆಗಿಳಿಸುವವರೆಗೆ

ಈ ಲಾರಿಗೆ ಕೀಲಿಕೈ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿರುವ ಪುಟ್ಟ ಲಿವರ್ ತಿರುಗಿಸಿ ಬಟನ್ ಒತ್ತಿದರೆ ಸ್ಟಾರ್ಟ್ ಆಗುತ್ತದೆ. ಸ್ಕೂಲು ಹುಡುಗನಿಗೂ ಐದು ನಿಮಿಷದಲ್ಲಿ ಹೇಳಿಕೊಡಬಹುದು. ಕಷ್ಟ ಇರುವುದು ನಿಲ್ಲಿಸುವುದರಲ್ಲಿ. ಖಾಲಿ ಇದ್ದಾಗಲೇ ಸುಮಾರು 9 ಟನ್ ತೂಗುವ ಗಾಡಿ. ಐವತ್ತು ವರ್ಷ ದಾಟಿದೆ. ಎಲ್ಲ ಚಕ್ರಗಳಿಗೂ ಸೇರಿ ಒಂದೇ ಬ್ರೇಕ್ ಸರ್ಕ್ಯೂಟ್.

ಹೊಸದಾಗಿ ಕೊಂಡವರು ಮೊದಲು ಇಂಜಿನ್ ಎಬ್ಬಿಸುತ್ತಾರೆ, ಆಮೇಲೆ ಪೇಂಟ್ ಹೊಡೆಸುತ್ತಾರೆ, ಬ್ರೇಕ್ ನೋಡುವುದು ಕೊನೆಗೆ. ನಾನೂ ಹಾಗೇ ಮಾಡಿದೆ. ಏನಾಯ್ತು ಅಂತ ಮುಂದೆ ಹೇಳುತ್ತೇನೆ. ಇಲ್ಲಿ ಕ್ರಮ ಉಲ್ಟಾ: ಮೊದಲು ನಿಲ್ಲಬೇಕು, ಆಮೇಲೆ ಓಡಬೇಕು, ಬಣ್ಣ ಕಟ್ಟಕಡೆಗೆ. ಅಮೆರಿಕದಲ್ಲಿದ್ದು ಈ ಹುಚ್ಚು ಹಿಡಿಸಿಕೊಂಡಿರುವ ಕನ್ನಡದವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ. ಊರಿನಲ್ಲಿ ಕೂತು ಸುಮ್ನೆ ಓದುವವರಿಗೂ ಬೇಸರ ಆಗಲಾರದು.

ಯಾವ ಲಾರಿ, ಯಾವ ಇಂಜಿನ್

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆ ತನ್ನ ಲಾರಿಗಳನ್ನೆಲ್ಲ ಹೊಸದಾಗಿ ಮಾಡಿಸಿತು. 1950ರ ದಶಕದ ಆರಂಭದಲ್ಲಿ ಬಂದ 5 ಟನ್, ಆರು ಚಕ್ರಕ್ಕೂ ಪವರ್ ಇರುವ ಲಾರಿಗಳ ಗುಂಪಿಗೆ ಎಂ39 ಸೀರೀಸ್ ಅಂತ ಹೆಸರು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್, ಡೈಮಂಡ್ ಟಿ, ಮ್ಯಾಕ್ ಮುಂತಾದ ಕಂಪನಿಗಳು ತಯಾರಿಸಿದವು. ಇದರಲ್ಲಿ ಸಾಮಾನು ಸಾಗಿಸುವುದು ಎಂ54. ಎಂ51 ಟಿಪ್ಪರ್, ಎಂ52 ಟ್ರೇಲರ್ ಎಳೆಯುವ ಟ್ರ್ಯಾಕ್ಟರ್, ಎಂ543 ಕ್ರೇನ್ ಇರುವ ರೆಕರ್. 5 ಟನ್ ಅನ್ನುವುದು ಕಾಡುಮೇಡಿನಲ್ಲಿ ಹೊರುವ ಲೆಕ್ಕ. ಒಳ್ಳೇ ರಸ್ತೆಯಲ್ಲಿ ಅದರ ಎರಡರಷ್ಟು ಹೊರುತ್ತದೆ.

ಹೆಸರಿನ ಕೊನೆಯ ಅಕ್ಷರ ಗಮನಿಸಿ. ಬರೀ ಎಂ54 ಅಂದರೆ 602 ಕ್ಯೂಬಿಕ್ ಇಂಚಿನ ಕಾಂಟಿನೆಂಟಲ್ ಪೆಟ್ರೋಲ್ ಇಂಜಿನ್. ಸದ್ದು ಚೆಂದ, ಕುಡಿಯುವುದರಲ್ಲಿ ಆನೆ. ಎಂ54ಎ1 ಅಂದರೆ ಮ್ಯಾಕ್ ಡೀಸೆಲ್. ಎಂ54ಎ2 ಅಂದರೆ ಕಾಂಟಿನೆಂಟಲ್ ಕಂಪನಿಯ ಎಲ್‌ಡಿಎಸ್-465, ಟರ್ಬೊ ಇರುವ ಆರು ಸಿಲಿಂಡರಿನ ಮಲ್ಟಿಫ್ಯುಯೆಲ್. 1970ರ ಸುಮಾರಿಗೆ ಬಂದ ಎಂ813 ಇದರ ತಮ್ಮ. ಅದಕ್ಕೆ ಕಮ್ಮಿನ್ಸ್ ಎನ್‌ಎಚ್‌ಸಿ-250. 1980ರ ದಶಕದ ಎಂ923ಗೆ ಬಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್.

ನನ್ನ ಮಾತು ಕೇಳುವುದಾದರೆ, ಬರೀ ಲಾರಿ ಬೇಕು, ತಲೆನೋವು ಬೇಡ ಅನ್ನುವವರು ಎಂ813 ತಗೊಳ್ಳಿ. ಕಮ್ಮಿನ್ಸ್ ಬಿಡಿಭಾಗ ಸುಲಭವಾಗಿ ಸಿಗುತ್ತದೆ, ರಿಪೇರಿ ಗೊತ್ತಿರುವ ಮೆಕ್ಯಾನಿಕ್‌ಗಳೂ ಇದ್ದಾರೆ. ನನ್ನ ಹತ್ತಿರ ಇರುವುದು ಎಂ54ಎ2. ಅದಕ್ಕೆ ಕಾರಣ ಇಂಜಿನ್.

ಸಾಧಾರಣ ಡೀಸೆಲ್ ಇಂಜಿನ್‌ನಲ್ಲಿ ಎಣ್ಣೆ ಬಿಸಿ ಗಾಳಿಯೊಳಕ್ಕೆ ಮಂಜಿನ ಹಾಗೆ ಸಿಡಿಯುತ್ತದೆ, ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಇದರಲ್ಲಿ ಹಾಗಲ್ಲ. ಪಿಸ್ಟನ್ ತಲೆಯಲ್ಲಿ ಪುಟ್ಟ ಗಡಿಗೆಯಂಥ ಗುಂಡನೆ ಗುಳಿ ಇದೆ. ಇಂಜೆಕ್ಟರ್ ಎಣ್ಣೆಯನ್ನು ಆ ಗುಳಿಯ ಗೋಡೆಗೆ ಬಳಿಯುತ್ತದೆ. ಕಾದ ದೋಸೆ ಕಲ್ಲಿನ ಮೇಲೆ ಎಣ್ಣೆ ಹರಡಿದ ಹಾಗೆ. ಒಳಗೆ ಗಾಳಿ ಸುಳಿಯಾಗಿ ತಿರುಗುತ್ತಾ ಇರುತ್ತದೆ. ಎಣ್ಣೆ ಪದರ ಪದರವಾಗಿ ಆವಿಯಾಗಿ ಸಮಾಧಾನವಾಗಿ ಉರಿಯುತ್ತದೆ. ಹೀಗಾಗಿ ಡೀಸೆಲ್, ಸೀಮೆಎಣ್ಣೆ, ಜೆಟ್ ಇಂಧನ, ಏನೂ ಸಿಗದಿದ್ದರೆ ಪೆಟ್ರೋಲ್ ಕೂಡ ನಡೆಯುತ್ತದೆ. ಈ ಉಪಾಯ ಜರ್ಮನಿಯ ಎಂಎಎನ್ ಕಂಪನಿಯದು. ಕಾಂಟಿನೆಂಟಲ್‌ನವರು ಅದನ್ನು ಲೈಸೆನ್ಸ್ ಮೇಲೆ ತಂದರು.

ಎಂಎಎನ್ ಹೆಸರು ಎಲ್ಲೋ ಕೇಳಿದ ಹಾಗಿದೆ ಅಲ್ವಾ? 1959ರಿಂದ ಜಬಲ್ಪುರದಲ್ಲಿ ತಯಾರಾದ ನಮ್ಮ ಸೇನೆಯ ಶಕ್ತಿಮಾನ್ ಲಾರಿಯೂ ಅದೇ ಕಂಪನಿಯ ಲೈಸೆನ್ಸಿನದು. ಬೆಂಗಳೂರಿನ ಆಸ್ಟಿನ್ ಟೌನ್ ಕಡೆ ನಮ್ಮ ಸೋದರಮಾವನ ಮನೆ ಇತ್ತು. ಸೇನೆಯ ಸಾಮಾನು-ಸಾಗಣೆ ವಿಭಾಗದ ಎಎಸ್‌ಸಿ ಸೆಂಟರ್ ಕಡೆಯಿಂದ ಶಕ್ತಿಮಾನ್‌ಗಳು ಸಾಲಾಗಿ ಬಂದರೆ ನಾವು ಮಕ್ಕಳು ಗೇಟಿಗೆ ಓಡಿ ಸೆಲ್ಯೂಟ್ ಹೊಡೆಯುತ್ತಿದ್ದೆವು. ಟೆಕ್ಸಾಸ್‌ನ ಒಂದು ಹೊಲದ ಮೂಲೆಯಲ್ಲಿ ಈ ಎಂ54 ನೋಡಿದ ದಿನ ನೆನಪಾದದ್ದು ಅದೇ ಗೇಟು. ಕೊಳ್ಳಲು ಇದು ಸರಿಯಾದ ಕಾರಣ ಅಲ್ಲ. ಆದರೆ ಸರಿಯಾದ ಕಾರಣ ಇಟ್ಟುಕೊಂಡು ಇಂಥ ಲಾರಿ ಕೊಂಡವರನ್ನು ನಾನಿನ್ನೂ ನೋಡಿಲ್ಲ.

ದುಡ್ಡು ಕೊಡುವ ಮೊದಲು: ಜಾಗ, ಲೈಸೆನ್ಸ್, ಕಾಗದ

ಟೇಪ್ ಹಿಡಿದು ಜಾಗ ಅಳೆಯಿರಿ. ಉದ್ದ ಸುಮಾರು 25 ಅಡಿ, ಅಗಲ 8 ಅಡಿ, ಟಾರ್ಪಾಲು ಕಟ್ಟಿದರೆ ಎತ್ತರ 10 ಅಡಿ ಹತ್ತಿರ. ಮಾಮೂಲಿ ಗ್ಯಾರೇಜಿನಲ್ಲಿ ಹಿಡಿಸುವುದಿಲ್ಲ. ಡ್ರೈವ್‌ವೇ ಕಾಂಕ್ರೀಟ್ ಈ ಭಾರ ತಡೆಯುತ್ತದಾ ಅಂತಲೂ ಯೋಚಿಸಿ. ನಿಮ್ಮ ಬಡಾವಣೆಗೆ ಎಚ್‌ಒಎ, ಅಂದರೆ ಮನೆ ಮಾಲೀಕರ ಸಂಘ ಇದ್ದರೆ ಅವರ ನಿಯಮದ ಪುಸ್ತಕ ಓದಿ. ಬೇಲಿಯ ಬಣ್ಣಕ್ಕೇ ಮೀಟಿಂಗ್ ಕರೆಯುವ ಜನ ಇದನ್ನು ಬಿಡುತ್ತಾರಾ? ನಾನು ಊರ ಹೊರಗೆ ಒಬ್ಬ ರೈತನ ಶೆಡ್ಡನ್ನು ಬಾಡಿಗೆಗೆ ಹಿಡಿದಿದ್ದೇನೆ.

ಲೈಸೆನ್ಸ್ ವಿಷಯದಲ್ಲಿ ನೆನಪಿಡಬೇಕಾದ ಸಂಖ್ಯೆ 26,001 ಪೌಂಡ್. ಗಾಡಿಯ ಒಟ್ಟು ತೂಕದ ರೇಟಿಂಗ್ ಅಲ್ಲಿಗೆ ಮುಟ್ಟಿತು ಅಂದರೆ ವ್ಯಾಪಾರದ ಬಳಕೆಗೆ ಸಿಡಿಎಲ್, ಅಂದರೆ ಕಮರ್ಷಿಯಲ್ ಡ್ರೈವಿಂಗ್ ಲೈಸೆನ್ಸ್ ಬೇಕು. ಹವ್ಯಾಸಕ್ಕೆ ಓಡಿಸುವುದಾದರೆ ರಾಜ್ಯಕ್ಕೊಂದು ಕಾನೂನು. ಟೆಕ್ಸಾಸ್‌ನಲ್ಲಿ ಇದಕ್ಕೆ ಸಿಡಿಎಲ್ ಅಲ್ಲದ ಕ್ಲಾಸ್ ಬಿ ಲೈಸೆನ್ಸ್ ಇದೆ. ಲಾರಿ ಖಾಲಿ ಇದ್ದರೆ ಸಾಕು ಅನ್ನುವ ಹಾಗಿಲ್ಲ, ಲೆಕ್ಕ ರೇಟಿಂಗ್ ಮೇಲೆ. ಡ್ಯಾಶ್‌ಬೋರ್ಡ್ ಪ್ಲೇಟಿನ ಫೋಟೊ ತಗೊಂಡು ನಿಮ್ಮ ಲೈಸೆನ್ಸ್ ಕಚೇರಿಗೇ ಹೋಗಿ ಕೇಳಿ. ಗೆಳೆಯ ಹೇಳಿದ ಅಂತ ಓಡಿಸಬೇಡಿ. ಇನ್ಶೂರೆನ್ಸ್ ಕೂಡ ಮೊದಲೇ ವಿಚಾರಿಸಿ. ಕಾರಿಗೆ ಪಾಲಿಸಿ ಕೊಟ್ಟ ಕಂಪನಿ ಇದರ ಹೆಸರು ಕೇಳಿದರೆ ಫೋನ್ ಇಡಬಹುದು. ಹಳೇ ಗಾಡಿಗಳಿಗೇ ಪಾಲಿಸಿ ಮಾಡುವ ಕಂಪನಿಗಳು ಬೇರೆ ಇವೆ.

ಕಾಗದ: ಟೈಟಲ್, ಅಂದರೆ ಮಾಲೀಕತ್ವದ ಪತ್ರದಲ್ಲಿರುವ ಸೀರಿಯಲ್ ನಂಬರನ್ನು ಲಾರಿಯ ಮೇಲಿನ ನಂಬರಿಗೆ ತಾಳೆ ಹಾಕಿ. ಒಂದಂಕೆ ಆಚೀಚೆ ಇದ್ದರೂ ಮುಂದುವರಿಯಬೇಡಿ. ಪ್ಲೇಟುಗಳನ್ನು ಹೊಸದಾಗಿ ಅಚ್ಚು ಹಾಕಿ ಮಾರುವವರೂ ಇದ್ದಾರೆ. ಹಾಗಾಗಿ ಹೊಳೆಯುವ ಪ್ಲೇಟ್ ಕಂಡರೆ ಖುಷಿ ಪಡುವ ಮೊದಲು ಸಂಶಯ ಪಡಿ. ಸರ್ಕಾರದ ಹರಾಜಿನಲ್ಲಿ ಕೊಂಡ ಗಾಡಿಗೆ ಎಸ್‌ಎಫ್ 97 ಅನ್ನುವ ಪತ್ರ ಸಿಗುತ್ತದೆ. ಅದನ್ನು ತೋರಿಸಿ ಟೈಟಲ್ ಮಾಡಿಸಿಕೊಳ್ಳಬೇಕು. ಎಂ54ಗಳನ್ನು ಸೇನೆ ಎಂದೋ ಮಾರಿ ಕೈತೊಳೆದುಕೊಂಡಿದೆ. ಈಗ ಸಿಗುವುದು ಹೆಚ್ಚಾಗಿ ಖಾಸಗಿಯವರ ಹತ್ತಿರ. ಟೈಟಲ್ ಇಲ್ಲ, ಸುಲಭವಾಗಿ ಮಾಡಿಸಬಹುದು ಅಂತ ಮಾರುವವನು ಹೇಳಿದರೆ, ಅಷ್ಟು ಸುಲಭವಾದರೆ ನೀವೇ ಮಾಡಿಸಿ ಕೊಡಿ ಅನ್ನಿ.

ಊರಿನ ಗೆಳೆಯರು ಕೇಳುವುದುಂಟು, ಇದನ್ನು ಬೆಂಗಳೂರಿಗೆ ತಂದು ವಿಂಟೇಜ್ ನಂಬರ್ ಹಾಕಿಸಬಹುದಾ ಅಂತ. ಭಾರತದಲ್ಲಿ 2021ರಲ್ಲಿ ಬಂದ ವಿಂಟೇಜ್ ನಿಯಮ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಗಾಡಿಗಳ ಬಗ್ಗೆ ಮಾತಾಡುತ್ತದೆ. ಹತ್ತು ಟೈರಿನ ಲಾರಿಗೆ ಅದರಲ್ಲಿ ಜಾಗ ಇಲ್ಲ.

ನೋಡಲು ಹೋದಾಗ

ನಾನು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಅಂತ ಫೋನಿನಲ್ಲೇ ಹೇಳಿ. ಹೋದ ಕೂಡಲೇ ಇಂಜಿನ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಮಾರುವವನು ಏನೋ ಮುಚ್ಚಿಡುತ್ತಿದ್ದಾನೆ ಅಂತ ಅರ್ಥ. ಹಳೇ ಬಟ್ಟೆ ಹಾಕಿಕೊಂಡು ಹೋಗಿ. ಟಾರ್ಚ್, ಬಿಳಿ ಕಾಗದ, ಒಂದು ಆಯಸ್ಕಾಂತ ಜೊತೆಗಿರಲಿ.

ಮೊದಲು ಆಯಿಲ್ ಡಿಪ್‌ಸ್ಟಿಕ್. ಆಯಿಲ್ ಕಮ್ಮಿ ಇದ್ದರೆ ಅಂಥ ಗಾಬರಿ ಇಲ್ಲ. ಫುಲ್ ಗೆರೆಗಿಂತ ಜಾಸ್ತಿ ಇದ್ದರೆ ಗಾಬರಿಯಾಗಿ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಮೂಸಿ ನೋಡಿ. ಡೀಸೆಲ್ ವಾಸನೆ ಬಂದರೆ ಎಣ್ಣೆ ಎಲ್ಲಿಂದಲೋ ಇಂಜಿನ್ ಆಯಿಲಿಗೆ ಇಳಿಯುತ್ತಿದೆ. ಆಯಿಲ್ ಟೀ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಈ ಇಂಜಿನ್‌ನಲ್ಲಿ ಹೆಡ್ ಗ್ಯಾಸ್ಕೆಟ್ ಹೋಗುವುದು ಹೊಸ ಸುದ್ದಿಯಲ್ಲ. ರೇಡಿಯೇಟರ್ ಮುಚ್ಚಳ ತಣ್ಣಗಿರುವಾಗಲೇ ತೆಗೆದಿಟ್ಟು ಸ್ಟಾರ್ಟ್ ಮಾಡಿಸಿ. ನೀರಿನಲ್ಲಿ ಗುಳ್ಳೆ ಬರುತ್ತಲೇ ಇದ್ದರೆ ಅದು ಗ್ಯಾಸ್ಕೆಟ್.

ಆಮೇಲೆ ಲಾರಿಯ ಕೆಳಗೆ ನುಗ್ಗಿ. ಪ್ರತಿ ಚಕ್ರದ ಒಳಮೈ ನೋಡಿ. ಡ್ರಮ್ಮಿನಿಂದ ಟೈರಿನ ಮೇಲೆ ಎಣ್ಣೆ ಇಳಿದ ಗುರುತು ಇದೆಯಾ? ಇದ್ದರೆ ಸೀಲ್ ಹೋಗಿದೆ, ಬ್ರೇಕ್ ಲೈನಿಂಗ್ ನೆಂದಿದೆ. ಕ್ಯಾಬಿನ್ ಮೂಲೆ, ಕಾಲಿಡುವ ತಗಡು, ಬ್ಯಾಟರಿ ಪೆಟ್ಟಿಗೆ, ಇವು ತುಕ್ಕಿನ ತವರುಮನೆ. ದಪ್ಪ ಪೇಂಟ್ ಇರುವ ಕಡೆ ಆಯಸ್ಕಾಂತ ಇಟ್ಟು ನೋಡಿ. ಅಂಟದಿದ್ದರೆ ಒಳಗಿರುವುದು ಪುಟ್ಟಿ. ಚಾಸಿಗೆ ವೆಲ್ಡಿಂಗ್ ಆಗಿದ್ದರೆ ಎಲ್ಲಿ, ಯಾಕೆ ಅಂತ ಕೇಳಿ.

ಕಡೆಗೆ ಗಾಳಿ. ಇಂಜಿನ್ ಓಡಿಸಿ ಏರ್ ಗೇಜ್ ನೂರು ಪೌಂಡ್ ದಾಟಲು ಬಿಡಿ. ಆಫ್ ಮಾಡಿ, ಹತ್ತು ನಿಮಿಷ ಬಾಯಿ ಮುಚ್ಚಿ ಕಿವಿ ಕೊಡಿ. ಮುಳ್ಳು ಕಣ್ಣೆದುರೇ ಇಳಿಯುತ್ತಿದ್ದರೆ ಸೋರಿಕೆ ಜಾಸ್ತಿ ಇದೆ. ಇದು ರಿಪೇರಿ ಆಗುವಂಥದ್ದು, ಚೌಕಾಸಿಗೆ ಒಳ್ಳೇ ಸರಕು.

ಖರೀದಿ ಆದ ಮೇಲೆ ಓಡಿಸಿಕೊಂಡು ಬರಬೇಡಿ. ಭಾರೀ ಗಾಡಿ ಸಾಗಿಸುವ ಲೋಬೆಡ್ ಟ್ರೇಲರ್ ಬಾಡಿಗೆಗೆ ಹಿಡಿಯಿರಿ. ಟಾರ್ಪಾಲಿನ ಕಮಾನು ಬಿಚ್ಚಿಟ್ಟರೆ ಎತ್ತರ ಕಮ್ಮಿಯಾಗಿ ಸೇತುವೆ ಕೆಳಗೆ ನುಸುಳುತ್ತದೆ.

ಬ್ರೇಕ್

ನಾನು ಓಡಿಸಿಕೊಂಡು ಬಂದೆ. ಮಾರಿದವರು ಬ್ರೇಕ್ ಚೆನ್ನಾಗಿದೆ ಅಂದರು, ಅಂಗಳದಲ್ಲಿ ಎರಡು ಸಲ ಒತ್ತಿ ನೋಡಿದೆ, ಚೆನ್ನಾಗೇ ಇತ್ತು. ಮನೆಗೆ ನಾಲ್ಕು ಮೈಲಿ ಇರುವಾಗ ಸ್ಟಾಪ್ ಬೋರ್ಡ್ ಹತ್ತಿರ ಪೆಡಲ್ ಒತ್ತಿದರೆ ಕಾಲು ನೇರ ನೆಲಕ್ಕೆ ಹೋಯಿತು. ಗಟ್ಟಿ ಏನೂ ಸಿಗಲಿಲ್ಲ. ಬೆಣ್ಣೆಯಲ್ಲಿ ಕಾಲಿಟ್ಟ ಹಾಗಾಯಿತು. ಗೇರ್ ಇಳಿಸಿ ಹ್ಯಾಂಡ್‌ಬ್ರೇಕ್ ಎಳೆದೆ. ಲಾರಿ ನಡುಗುತ್ತಾ ಕ್ರಾಸ್ ದಾಟಿ ಆಚೆ ಹೋಗಿ ನಿಂತಿತು. ಅಡ್ಡ ಯಾರೂ ಬರಲಿಲ್ಲ. ಇಳಿದು ನೋಡಿದರೆ ಹಿಂದಿನ ಒಂದು ರಬ್ಬರ್ ಹೋಸ್ ಸೀಳಿತ್ತು. ಅಂಗೈಯುದ್ದದ ಹೋಸ್, ಅಷ್ಟೇ.

ಒಂದು ಹೋಸಿಗೆ ಇಷ್ಟೆಲ್ಲ ಆಗಿದ್ದು ಯಾಕೆ ಅಂದರೆ ಇದರ ಬ್ರೇಕ್ ಅರ್ಧ ಗಾಳಿ, ಅರ್ಧ ಎಣ್ಣೆ. ಪೆಡಲ್ ಒತ್ತಿದರೆ ಮಾಸ್ಟರ್ ಸಿಲಿಂಡರ್ ಎಣ್ಣೆಯನ್ನು ತಳ್ಳುತ್ತದೆ. ಅದು ಏರ್‌ಪ್ಯಾಕ್ ಅನ್ನುವ ದೊಡ್ಡ ಸಿಲಿಂಡರಿಗೆ ಹೋಗುತ್ತದೆ. ಅಲ್ಲಿ ಟ್ಯಾಂಕಿನ ಗಾಳಿ ಸೇರಿ ಒತ್ತಡ ಹಲವು ಪಟ್ಟು ಜಾಸ್ತಿಯಾಗಿ ಆರೂ ಚಕ್ರದ ಜಾಗಕ್ಕೆ ಹೋಗುತ್ತದೆ. ಎಣ್ಣೆಯ ದಾರಿ ಮಾತ್ರ ಒಂದೇ. ಎಲ್ಲಿ ತೂತಾದರೂ ಎಲ್ಲ ಚಕ್ರದ ಬ್ರೇಕ್ ಒಟ್ಟಿಗೇ ಹೋಗುತ್ತದೆ. ಉಳಿಯುವುದು ಹ್ಯಾಂಡ್‌ಬ್ರೇಕ್. ಅದು ಚಕ್ರಕ್ಕಲ್ಲ, ಹಿಂದೆ ಹೋಗುವ ಪ್ರೊಪೆಲ್ಲರ್ ಶಾಫ್ಟಿಗೆ ಇರುವ ಡ್ರಮ್ಮಿಗೆ. ನಿಂತ ಗಾಡಿಯನ್ನು ಹಿಡಿದಿಡಲು ಮಾಡಿದ್ದು. ನನ್ನನ್ನು ಉಳಿಸಿದ್ದು ಅದರ ಪುಣ್ಯ.

ಆದ್ದರಿಂದ ಮೊದಲ ತಿಂಗಳು ಪೂರ್ತಿ ಇದಕ್ಕೇ ಕೊಡಿ. ಲಾರಿ ಸಮತಟ್ಟು ಜಾಗದಲ್ಲಿರಲಿ, ಟೈರಿಗೆ ಕಲ್ಲು ಕೊಡಿ. ಒಂದು ಆ್ಯಕ್ಸಲ್ ಮುಗಿಸಿ ಇನ್ನೊಂದಕ್ಕೆ ಹೋಗಿ. ಜಾಕಿ ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕೆ ಸ್ಟ್ಯಾಂಡ್. ಮರದ ದಿಮ್ಮಿಯನ್ನೂ ಜೊತೆಗೆ ಇಡುವುದು ನನ್ನ ಅಭ್ಯಾಸ.

ಎಡಗಡೆ ಚಕ್ರದ ನಟ್ಟುಗಳು ಉಲ್ಟಾ ತಿರುಪಿನವು. ಸ್ಟಡ್ ತುದಿಯಲ್ಲಿ ಸಣ್ಣದಾಗಿ 'ಎಲ್' ಗುರುತು ಕೊರೆದಿರುತ್ತಾರೆ. ನನಗೆ ಗೊತ್ತಿರಲಿಲ್ಲ. ಪಾನಾಕ್ಕೆ ಆರಡಿ ಪೈಪ್ ಸಿಕ್ಕಿಸಿ ಅರ್ಧ ಗಂಟೆ ಜೋತುಬಿದ್ದೆ. ಬಿಚ್ಚುತ್ತಿದ್ದೇನೆ ಅಂದುಕೊಂಡು ಇನ್ನಷ್ಟು ಬಿಗಿ ಮಾಡುತ್ತಿದ್ದೆ! ಹಿಂದಿನ ಡಬ್ಬಲ್ ಟೈರಿಗೆ ಎರಡು ಹಂತದ ನಟ್ಟು. ಹೊರಗಿನದು ಹೊರ ಚಕ್ರಕ್ಕೆ, ಒಳಗಿನದು ಒಳ ಚಕ್ರಕ್ಕೆ.

ಡ್ರಮ್ ತೆಗೆದ ಮೇಲೆ ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಲೇಬೇಡಿ. ಆ ಕಾಲದ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ನೀರು ಸಿಂಪಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಸರಿಯಾದ ಮಾಸ್ಕ್ ಹಾಕಿಕೊಳ್ಳಿ. ವೀಲ್ ಸಿಲಿಂಡರಿನ ರಬ್ಬರ್ ಬೂಟ್ ಎತ್ತಿ ನೋಡಿ. ಒಳಗೆ ಒದ್ದೆ ಇದ್ದರೆ ಬದಲಾಯಿಸಿ. ಒಂದು ಹೋದರೆ ಉಳಿದವೂ ಅದೇ ವಯಸ್ಸಿನವು, ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವುದು ಮೇಲು. ರಬ್ಬರ್ ಹೋಸ್ ಎಷ್ಟೇ ಚೆನ್ನಾಗಿ ಕಂಡರೂ ಎಸೆಯಿರಿ. ಸ್ಟೀಲ್ ಪೈಪುಗಳ ಮೇಲೆ ಬೆರಳಾಡಿಸಿ. ಉಬ್ಬು, ತುಕ್ಕು ಸಿಕ್ಕ ಕಡೆ ಹೊಸದು ಹಾಕಿ. ಚಕ್ರ ಬಿಚ್ಚಿದ ಮೇಲೆ ಬೇರಿಂಗ್ ತೊಳೆದು ಹೊಸ ಗ್ರೀಸ್ ತುಂಬಿ, ಸೀಲ್ ಬದಲಾಯಿಸಿ. ಇದಕ್ಕಾಗಿ ಇನ್ನೊಮ್ಮೆ ಬಿಚ್ಚುವುದು ಯಾರಿಗೆ ಬೇಕು?

ಬ್ರೇಕ್ ಎಣ್ಣೆ ಬಗ್ಗೆ ಎಚ್ಚರ. 1980ರ ದಶಕದಲ್ಲಿ ಸೇನೆ ಸಿಲಿಕೋನ್ ಎಣ್ಣೆಗೆ, ಅಂದರೆ ಡಾಟ್ 5ಕ್ಕೆ ಬದಲಾಯಿತು. ಅದಕ್ಕೆ ಮೊದಲು ಮಾಮೂಲಿ ಗ್ಲೈಕಾಲ್ ಎಣ್ಣೆ. ಎರಡೂ ಒಂದಕ್ಕೊಂದು ಬೆರೆಯುವುದಿಲ್ಲ. ಹೊಸ ಸಿಲಿಕೋನ್ ಎಣ್ಣೆ ನೇರಳೆ ಬಣ್ಣದ್ದು, ಆದರೆ ಹಳತಾದರೆ ಬಣ್ಣ ಮಾಸುತ್ತದೆ. ಬರೀ ಬಣ್ಣ ನೋಡಿ ನಂಬಬೇಡಿ. ನಿಮ್ಮದರಲ್ಲಿ ಯಾವುದಿದೆ ಅಂತ ಖಾತ್ರಿ ಇಲ್ಲದಿದ್ದರೆ ಎಲ್ಲ ಬಸಿದು ತೊಳೆದು ಒಂದೇ ಬಗೆಯದನ್ನು ತುಂಬಿ. ಎಣ್ಣೆಯಲ್ಲಿ ಸೇರಿದ ಗಾಳಿ ತೆಗೆಯುವಾಗ ಮೊದಲು ಏರ್‌ಪ್ಯಾಕ್‌ನ ಬ್ಲೀಡರ್ (ಗಾಳಿ ಬಿಡುವ ನಟ್ಟು), ಆಮೇಲೆ ದೂರದ ಚಕ್ರದಿಂದ ಹತ್ತಿರದ ಚಕ್ರಕ್ಕೆ. ಪೆಡಲ್ ಒತ್ತಲು ಒಬ್ಬರು ಬೇಕೇ ಬೇಕು. ನಮ್ಮ ಮನೆಯಲ್ಲಿ ಅದು ನನ್ನ ಹೆಂಡತಿ. "ಒತ್ತು... ಹಿಡ್ಕೊ... ಬಿಡು" ಅಂತ ಎರಡು ಗಂಟೆ. ಕಡೆಗೆ "ಇನ್ನು ನೀನು ಒತ್ತು, ನಾನು ನಟ್ಟು ಬಿಚ್ಚುತ್ತೇನೆ" ಅಂದಳು. ಅವಳ ಕೈಯಲ್ಲಿ ಕೆಲಸ ಬೇಗ ಮುಗಿಯಿತು.

ಇವೆಲ್ಲಕ್ಕೂ ಅಳತೆ, ಬಿಗಿ ಎಷ್ಟು ಅನ್ನುವುದೆಲ್ಲ ಸೇನೆಯ ಕೈಪಿಡಿಯಲ್ಲಿದೆ. ಟಿಎಂ 9-2320-211-10 ಓಡಿಸುವವರಿಗೆ, ಅದೇ ನಂಬರಿನ -20 ರಿಪೇರಿಗೆ. ಅಡುಗೆಮನೆಯ ಪಾಕಪುಸ್ತಕದ ಹಾಗೆ ಬರೆದಿದ್ದಾರೆ. ಚಿತ್ರ ನೋಡಿಕೊಂಡೇ ಕೆಲಸ ಮಾಡಬಹುದು. ಪ್ರಿಂಟ್ ಹಾಕಿಸಿ ಶೆಡ್ಡಿನಲ್ಲಿಡಿ. ಗ್ರೀಸ್ ಕೈಗೆ ಫೋನ್ ಸರಿಬರುವುದಿಲ್ಲ.

ಟೈರು ಮತ್ತು ರಿಂಗು

11.00-20 ಸೈಜಿನ ಟೈರು, ಹಳೇ ಮಾದರಿಯ ಚಕ್ರ. ಟೈರನ್ನು ಚಕ್ರದ ಮೇಲೆ ಹಿಡಿದಿಡುವುದು ಒಂದು ಉಕ್ಕಿನ ರಿಂಗ್. ಗಾಳಿ ತುಂಬುವಾಗ ಅದು ಸರಿಯಾಗಿ ಕೂರದಿದ್ದರೆ ಗುಂಡಿನ ಹಾಗೆ ಹಾರುತ್ತದೆ. ಜನ ಸತ್ತಿದ್ದಾರೆ. ಹೀಗಾಗಿ ಈ ಒಂದು ಕೆಲಸ ಮನೆಯಲ್ಲಿ ಮಾಡಬೇಡಿ. ಉಕ್ಕಿನ ಪಂಜರ ಇಟ್ಟುಕೊಂಡಿರುವ ಲಾರಿ ಟೈರ್ ಅಂಗಡಿಗೆ ಕೊಡಿ. ಚಕ್ರ ಬಿಚ್ಚುವ ಮೊದಲು ವಾಲ್ವಿನ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ. ಟೈರಿನ ವಯಸ್ಸು ಪಕ್ಕದಲ್ಲೇ ಬರೆದಿರುತ್ತದೆ. 2000ದ ನಂತರದ್ದಾದರೆ ನಾಲ್ಕಂಕೆ: ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಹತ್ತು ಟೈರು, ಮೇಲೊಂದು ಸ್ಟೆಪ್ನಿ. ಬಜೆಟ್ ಹಾಕುವಾಗ ಎಲ್ಲರೂ ಮರೆಯುವ ಲೆಕ್ಕ ಇದು.

ಕರೆಂಟು

24 ವೋಲ್ಟ್. 12 ವೋಲ್ಟಿನ ಎರಡು ಬ್ಯಾಟರಿ ಸರಣಿಯಲ್ಲಿ. ಫೋನ್ ಚಾರ್ಜ್ ಮಾಡಲು, ರೇಡಿಯೊ ಹಾಕಲು ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆಯುವ ಚಪಲ ಬೇಡ. ಒಂದು ಬಡವಾಗುತ್ತದೆ, ಇನ್ನೊಂದು ಬೆಂದುಹೋಗುತ್ತದೆ. ಕನ್ವರ್ಟರ್ ಹಾಕಿ. ವೈರಿಂಗ್ ನೋಡಿ ಹೆದರಬೇಡಿ. ಬಣ್ಣ ಎಲ್ಲ ಒಂದೇ ಥರ ಕಪ್ಪಾಗಿದ್ದರೂ ಪ್ರತಿ ವೈರಿಗೂ ತಗಡಿನ ಪುಟ್ಟ ಪಟ್ಟಿ ಸುತ್ತಿ ನಂಬರ್ ಹೊಡೆದಿರುತ್ತಾರೆ. ಕೈಪಿಡಿಯ ನಕ್ಷೆಯಲ್ಲೂ ಅದೇ ನಂಬರ್. ಅರ್ಧ ತೊಂದರೆ ಅರ್ಥಿಂಗ್ ಜಾಗದ ತುಕ್ಕಿನದು. ಬಿಚ್ಚಿ, ಉಜ್ಜಿ, ಕೂರಿಸಿ.

ಮೊದಲ ಸ್ಟಾರ್ಟ್

ವರ್ಷಗಟ್ಟಲೆ ನಿಂತ ಮಲ್ಟಿಫ್ಯುಯೆಲ್ ಇಂಜಿನ್‌ನಲ್ಲಿ ಒಂದು ಅಪಾಯ ಇದೆ. ಇಂಜೆಕ್ಷನ್ ಪಂಪಿನ ಒಳಭಾಗ ಅಂಟಿಕೊಂಡಿರಬಹುದು. ಎಣ್ಣೆ ಪೂರ್ತಿ ತೆರೆದ ಜಾಗದಲ್ಲೇ ಅಂಟಿದ್ದರೆ ಸ್ಟಾರ್ಟ್ ಆದ ಕೂಡಲೇ ಇಂಜಿನ್ ಹುಚ್ಚು ಹಿಡಿದ ಹಾಗೆ ಏರುತ್ತದೆ, ಸ್ಟಾಪ್ ಕೇಬಲ್ ಎಳೆದರೂ ನಿಲ್ಲುವುದಿಲ್ಲ. ನಿಲ್ಲಿಸಲು ಉಳಿಯುವ ದಾರಿ ಗಾಳಿ ಕಟ್ಟುವುದು. ಗಾಳಿ ಒಳಹೋಗುವ ಬಾಯಿಗೆ ಸರಿಹೊಂದುವ ದಪ್ಪ ಪ್ಲೈವುಡ್ ತುಂಡು ಕತ್ತರಿಸಿಟ್ಟುಕೊಂಡು, ಒಬ್ಬರನ್ನು ಅದರ ಕಾವಲಿಗೆ ನಿಲ್ಲಿಸಿ. ಕೈ ಅಥವಾ ಬಟ್ಟೆ ಇಟ್ಟು ಮುಚ್ಚುವ ಸಾಹಸ ಬೇಡ.

ಹಳೇ ಎಣ್ಣೆಯನ್ನು ಟ್ಯಾಂಕಿನಿಂದ ಪೂರ್ತಿ ಬಸಿದು ತಳದ ಕೆಸರು ತೆಗೆಯಿರಿ. ಮೂರು ಫ್ಯುಯೆಲ್ ಫಿಲ್ಟರ್ ಇವೆ, ಮೂರನ್ನೂ ಬದಲಾಯಿಸಿ. ಇಂಜಿನ್ ಆಯಿಲ್ ಮತ್ತು ಎರಡು ಆಯಿಲ್ ಫಿಲ್ಟರ್ ಹೊಸದು ಹಾಕಿ. ಆಯಿಲ್ 20 ಲೀಟರ್ ಆಸುಪಾಸು ಕುಡಿಯುತ್ತದೆ, 15ಡಬ್ಲ್ಯೂ-40 ಸಾಕು. ಸ್ಟಾಪ್ ಕೇಬಲ್ ಎಳೆದೇ ಇಟ್ಟು ಸ್ವಲ್ಪ ಸ್ವಲ್ಪ ಹೊತ್ತು ಸೆಲ್ಫ್ ಹೊಡೆಯಿರಿ. ಎಣ್ಣೆ ಹೋಗುವುದಿಲ್ಲ, ಇಂಜಿನ್ ಸುಮ್ನೆ ತಿರುಗುತ್ತದೆ. ಆಯಿಲ್ ಗೇಜಿನ ಮುಳ್ಳು ಅಲುಗಾಡಿದ ಮೇಲೆ ಕೇಬಲ್ ಒಳಗೆ ತಳ್ಳಿ.

ಈಗ ಆ ಪುಟ್ಟ ಲಿವರ್ ತಿರುಗಿಸಿ. ಬಜರ್ ಕಿವಿ ಕಿತ್ತುಹೋಗುವ ಹಾಗೆ ಕಿರುಚುತ್ತದೆ. ಗಾಳಿ ಒತ್ತಡ ಇನ್ನೂ ಇಲ್ಲ ಅನ್ನುವ ಎಚ್ಚರಿಕೆ ಅದು. ಅದರ ನಡುವೆ ಗಮನವಿಟ್ಟು ಕೇಳಿದರೆ ಟ್ಯಾಂಕಿನೊಳಗಿನ ಪಂಪ್ ಗುಂಯ್ ಅನ್ನುವುದು ಕೇಳಿಸಬೇಕು. ಕೇಳದಿದ್ದರೆ ಮುಂದುವರಿಯಬೇಡಿ, ಮೊದಲು ಪಂಪ್ ನೋಡಿ. ಬಟನ್ ಒತ್ತಿ. ಮೊದಲು ಬಿಳಿ ಹೊಗೆ, ಎರಡು ಸಿಲಿಂಡರ್ ಹೊತ್ತಿ ಲಾರಿ ಕುಂಟುತ್ತದೆ, ಆಮೇಲೆ ಉಳಿದವು ಒಂದೊಂದಾಗಿ ಸೇರಿಕೊಳ್ಳುತ್ತವೆ. ಏರ್ ಗೇಜ್ 60 ದಾಟುವ ಹೊತ್ತಿಗೆ ಬಜರ್ ತಟ್ಟನೆ ನಿಲ್ಲುತ್ತದೆ. ಆಗ ಮೊದಲ ಸಲ ಇಂಜಿನ್‌ನ ಸದ್ದು ಸರಿಯಾಗಿ ಕೇಳುತ್ತದೆ. ಬಜರ್ ನಿಲ್ಲುವವರೆಗೆ ಲಾರಿ ಒಂದಡಿಯೂ ಅಲುಗಬಾರದು.

ರಸ್ತೆಯಲ್ಲಿ

ಲೈಟ್ ಸ್ವಿಚ್ ಬೇರೆ ಯಾವ ಗಾಡಿಯಂತೆಯೂ ಇಲ್ಲ. ಮೂರು ಲಿವರ್. ಹೆಡ್‌ಲೈಟ್ ಬೇಕಾದರೆ ಅನ್‌ಲಾಕ್ ಲಿವರ್ ಎತ್ತಿ ಹಿಡಿದುಕೊಂಡೇ ಮೇನ್ ಲಿವರ್ ತಿರುಗಿಸಬೇಕು. ಕತ್ತಲಲ್ಲಿ ಶತ್ರು ಎದುರಿಗಿರುವಾಗ ಮೊಣಕೈ ತಾಗಿ ಲೈಟ್ ಹತ್ತಬಾರದಲ್ಲ, ಅದಕ್ಕೆ. ನಮಗೆ ಮುಖ್ಯವಾದ ವಿಷಯ ಇನ್ನೊಂದು: ಸ್ವಿಚ್ ಆಫ್‌ನಲ್ಲಿದ್ದರೆ ಬ್ರೇಕ್ ಲೈಟೂ ಹತ್ತುವುದಿಲ್ಲ. ಹಗಲು ಓಡಿಸುವಾಗ 'ಸ್ಟಾಪ್ ಲೈಟ್' ಅನ್ನುವ ಜಾಗಕ್ಕೆ ತಿರುಗಿಸಿಡಿ. ಇದು ಗೊತ್ತಿಲ್ಲದೆ ಹಿಂದಿನವರ ಶಾಪ ಹಾಕಿಸಿಕೊಂಡವರು ಬೇಕಾದಷ್ಟು ಜನ.

ವೇಗ ಗಂಟೆಗೆ 50 ಮೈಲಿ ದಾಟಿದರೆ ಹೆಚ್ಚು. ಯಾವ ಗೇರಿನಲ್ಲಿ ಎಷ್ಟು ಓಡಿಸಬಹುದು ಅಂತ ಡ್ಯಾಶ್‌ಬೋರ್ಡಿನ ಪ್ಲೇಟಿನಲ್ಲೇ ಇದೆ. ಇಂಜಿನ್ 2600 ಆರ್‌ಪಿಎಂ ದಾಟಬಾರದು. ಏರಿನಲ್ಲಿ ದಾಟುವುದಿಲ್ಲ, ದಾಟುವುದು ಇಳಿಜಾರಿನಲ್ಲಿ. ಭಾರ ಹಿಂದಿನಿಂದ ನೂಕುತ್ತಾ ಇಂಜಿನ್ನನ್ನು ಮಿತಿ ಮೀರಿ ತಿರುಗಿಸುತ್ತದೆ. ಈ ಇಂಜಿನ್‌ಗಳಲ್ಲಿ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ಒಡೆದು ಹೊರಬರುವುದಕ್ಕೆ ಇದೂ ಒಂದು ಕಾರಣ. ಶಿರಾಡಿ ಘಾಟಿಯ ಲಾರಿ ಡ್ರೈವರುಗಳು ಹೇಳುವುದೇ ಇಲ್ಲೂ ಸರಿ: ಹತ್ತಿದ ಗೇರಿನಲ್ಲೇ ಇಳಿಯಿರಿ. ಪವರ್ ಸಾಲದು ಅಂತ ಪಂಪಿನ ಸ್ಕ್ರೂ ತಿರುಗಿಸಿ ಎಣ್ಣೆ ಜಾಸ್ತಿ ಮಾಡುವವರಿದ್ದಾರೆ. ಅವರ ಲಾರಿಗಳ ಬಿಡಿಭಾಗವನ್ನು ನಾನು ಕೊಂಡಿದ್ದೇನೆ.

ಹಿಂದೆ ತೆಗೆಯುವಾಗ ಒಬ್ಬರು ಇಳಿದು ನಿಲ್ಲಲಿ. ಕನ್ನಡಿಯಲ್ಲಿ ಕಾಣುವುದು ಸಾಲದು. ನಮ್ಮಲ್ಲಿ "ಬರ್ಲಿ, ಬರ್ಲಿ, ಹೋಲ್ಡಾನ್" ಅಂತ ಅಪ್ಪಟ ಕೆಎಸ್‌ಆರ್‌ಟಿಸಿ ಧಾಟಿಯಲ್ಲೇ ನಡೆಯುತ್ತದೆ. ಶೆಡ್ ಯಜಮಾನ ರೈತನೂ ಈಗ "ಹೋಲ್ಡಾನ್" ಕಲಿತಿದ್ದಾನೆ. ಅದು ಇಂಗ್ಲಿಷ್ ಅಂತ ಹೇಳಿದರೆ ನಂಬುವುದಿಲ್ಲ.

ಇನ್ನು ಬಣ್ಣ

ಹಳೇ ಪೇಂಟ್ ಉಜ್ಜುವ ಮೊದಲು ಒಳ್ಳೇ ಮಾಸ್ಕ್ ಕೊಳ್ಳಿ. ಸೇನೆಯ ಪೇಂಟಿನಲ್ಲಿ ಸೀಸ, ಕ್ರೋಮಿಯಂ ಇರುವುದುಂಟು. 1980ರ ದಶಕದಲ್ಲಿ ಬಂದ, ರಾಸಾಯನಿಕ ದಾಳಿ ತಡೆಯುವ ಕಾರ್ಕ್ ಪೇಂಟ್ ಅಂತೂ ಇನ್ನೂ ಅಪಾಯ. ವಿಯೆಟ್ನಾಂ ಕಾಲದ ಲಾರಿಗೆ ಅರೆಹೊಳಪಿನ ಆಲಿವ್ ಹಸಿರು, ಬಣ್ಣದ ನಂಬರ್ 24087. 1970ರ ದಶಕದ ನಡುವಿನಿಂದ ನಾಲ್ಕು ಬಣ್ಣದ ಪಟ್ಟೆ, 1980ರ ದಶಕದಲ್ಲಿ ಹಸಿರು, ಕಂದು, ಕಪ್ಪಿನ ಮೂರು ಬಣ್ಣ. ನಿಮ್ಮ ಲಾರಿ ಯಾವ ಕಾಲದ್ದೋ ಆ ಬಣ್ಣ ಹಾಕಿ. ಅಂಗಡಿಯ ಯಾವುದೋ ಮ್ಯಾಟ್ ಹಸಿರು ಹೊಡೆದರೆ ಗೊತ್ತಿದ್ದವರು ದೂರದಿಂದಲೇ ನಗುತ್ತಾರೆ.

ತುಂಬಾ ಜನರಿಗೆ ಗನ್ ಟ್ರಕ್ ಆಸೆ. ವಿಯೆಟ್ನಾಂನಲ್ಲಿ 1967ರ ಸೆಪ್ಟೆಂಬರ್ 2ರಂದು ಅನ್ ಖೆ ಹತ್ತಿರ 19ನೇ ಹೆದ್ದಾರಿಯಲ್ಲಿ ಸಾಮಾನು ಲಾರಿಗಳ ಸಾಲಿನ ಮೇಲೆ ದೊಡ್ಡ ದಾಳಿ ನಡೆಯಿತು. ಆಮೇಲೆ ಡ್ರೈವರುಗಳೇ ತಮ್ಮ ಲಾರಿಗಳಿಗೆ ಉಕ್ಕಿನ ತಗಡು ಬಡಿದು ಮೆಷಿನ್ ಗನ್ ಕೂರಿಸಿಕೊಂಡರು. ಕಪ್ಪು ಬಣ್ಣ ಹೊಡೆದು ಹೆಸರಿಟ್ಟರು. ಆ ಕಾಲದ 5 ಟನ್ ಗನ್ ಟ್ರಕ್ ಒಂದು, 'ಈವ್ ಆಫ್ ಡಿಸ್ಟ್ರಕ್ಷನ್', ವರ್ಜೀನಿಯಾದ ಫೋರ್ಟ್ ಯೂಸ್ಟಿಸ್‌ನಲ್ಲಿರುವ ಸೇನಾ ಸಾರಿಗೆ ಮ್ಯೂಸಿಯಂನಲ್ಲಿದೆ. ಹೋಗಿ ನೋಡಿ. ನನ್ನ ಲಾರಿಗೆ ನಾನು ಹಾಗೆ ಮಾಡಿಸಲಿಲ್ಲ. ಇದು ಎಂದೂ ಅಲ್ಲಿಗೆ ಹೋಗಿರಲಿಲ್ಲ. ಬಂಪರಿನ ಮೇಲೆ ಘಟಕದ ನಂಬರ್ ಬರೆಯುವಾಗಲೂ ಹಾಗೆಯೇ. ಹಳೇ ಪೇಂಟನ್ನು ನಯವಾದ ಮರಳು ಕಾಗದದಲ್ಲಿ ಒಂದೊಂದೇ ಪದರ ಒದ್ದೆ ಉಜ್ಜಿದರೆ ಅಡಿಯಲ್ಲಿ ಅದರದೇ ಅಕ್ಷರ ಸಿಗಬಹುದು. ನನಗೆ ಬಾಗಿಲ ಮೇಲೆ ಮಸುಕಾದ ಬಿಳಿ ನಕ್ಷತ್ರದ ಒಂದು ಕೋನ ಸಿಕ್ಕಿತು. ಅದನ್ನೇ ಅಳತೆ ಇಟ್ಟುಕೊಂಡು ಉಳಿದದ್ದನ್ನು ಬರೆದೆ.

ಪ್ರತಿ ಸಲ ಓಡಿಸಿ ಬಂದ ಮೇಲೆ

ತಿಂಗಳಿಗೊಮ್ಮೆಯಾದರೂ ಇಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ. ನಿಂತಲ್ಲೇ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಇಂಜಿನ್‌ಗೆ ಒಳ್ಳೆಯದಲ್ಲ. ಗ್ಯಾಲನ್ನಿಗೆ ಐದಾರು ಮೈಲಿ ಕೊಟ್ಟರೆ ಖುಷಿ ಪಡಿ. ಎಲ್ಲೆಲ್ಲಿ ಗ್ರೀಸ್ ಹೊಡೆಯಬೇಕು ಅನ್ನುವ ನಕ್ಷೆ ಕೈಪಿಡಿಯ ಜೊತೆ ಬರುತ್ತದೆ. ಒಂದು ನಿಪ್ಪಲ್ ಬಿಡದೆ ಹೊಡೆಯಿರಿ. ಜೊತೆಗಾರರು ಬೇಕಾದರೆ ಮಿಲಿಟರಿ ವೆಹಿಕಲ್ ಪ್ರಿಸರ್ವೇಷನ್ ಅಸೋಸಿಯೇಷನ್ 1976ರಿಂದ ಇದೆ. 1919ರಲ್ಲಿ ಸೇನೆಯ ಲಾರಿಗಳು ವಾಷಿಂಗ್ಟನ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 62 ದಿನ ತೆವಳಿದ ದಾರಿಯಲ್ಲಿ ಅವರು 2009ರಲ್ಲಿ ಹಳೇ ಗಾಡಿಗಳ ಮೆರವಣಿಗೆ ಮಾಡಿದರು. ಇಂಥ ಕಡೆ ಪರಿಚಯ ಆದವರ ಹತ್ತಿರವೇ ಬಿಡಿಭಾಗ ಸಿಗುವುದು.

ಶೆಡ್ಡಿಗೆ ಬಂದ ಕೂಡಲೇ ಇಂಜಿನ್ ಆಫ್ ಮಾಡಬೇಡಿ. ಮೂರು ನಾಲ್ಕು ನಿಮಿಷ ಐಡಲ್‌ನಲ್ಲಿ ಬಿಡಿ, ಟರ್ಬೊ ತಣ್ಣಗಾಗಲಿ. ಹ್ಯಾಂಡ್‌ಬ್ರೇಕ್ ಎಳೆಯಿರಿ. ಸ್ಟಾಪ್ ಕೇಬಲ್ ಎಳೆದು, ಇಂಜಿನ್ ಪೂರ್ತಿ ನಿಂತ ಮೇಲೆ ಲಿವರ್ ಆಫ್ ಮಾಡಿ. ಟೈರಿಗೆ ಕಲ್ಲು ಕೊಡಿ. ಆಮೇಲೆ ಏರ್ ಟ್ಯಾಂಕಿನ ಕೆಳಗಿನ ನಲ್ಲಿಗಳನ್ನು ಒಂದೊಂದಾಗಿ ತೆರೆಯಿರಿ. ಮೊದಲು ಚಹಾ ಬಣ್ಣದ ನೀರು ಚಿಮ್ಮುತ್ತದೆ, ಆಮೇಲೆ ಬರೀ ಗಾಳಿ, ಆಮೇಲೆ ಅದೂ ನಿಲ್ಲುತ್ತದೆ. ನಲ್ಲಿ ತೆರೆದೇ ಇರಲಿ. ಮುಂದಿನ ಸಲ ಸ್ಟಾರ್ಟ್ ಮಾಡುವ ಮೊದಲು ಮುಚ್ಚಲು ನೆನಪಿರಬೇಕು ಅಂತ ನಾನು ಸ್ಟೀರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟಿ ಬರುತ್ತೇನೆ.